ಅಗ್ಗದ ಬೇಸ್ ಗಿಟಾರ್, 3000 ರೂಪಾಯಿ, ಮಲೆನಾಡಿನ ಮಳೆ: ಯಾವ ಕೆಲಸ ಮೊದಲು?

ನನ್ನ ಮೊದಲ ಬೇಸ್ ಗಿಟಾರನ್ನು ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ 6000 ರೂಪಾಯಿಗೆ ತಗೊಂಡೆ. ಗಣಪತಿ ಹಬ್ಬಕ್ಕೆ ಎರಡು ತಿಂಗಳಿತ್ತು. ನಮ್ಮೂರು ತೀರ್ಥಹಳ್ಳಿ ಕಡೆ. ಅಲ್ಲಿನ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದ ಅಣ್ಣ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿದ್ದರು, ಆ ಜಾಗಕ್ಕೆ ನನ್ನನ್ನು ಕರೆದಿದ್ದರು. ಮನೆಗೆ ತಂದು ನುಡಿಸಿದೆ. ದಪ್ಪ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ (ನೆಕ್‌ನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ) ಒತ್ತಿದರೆ ತಗಡು ಅಲುಗಾಡಿದ ಹಾಗೆ ಜರ್ರ್ ಅನ್ನುತ್ತಿತ್ತು. ಮೇಲಿನ ಫ್ರೆಟ್‌ಗಳಲ್ಲಿ ತಂತಿ ಎಷ್ಟು ಎತ್ತರ ಇತ್ತೆಂದರೆ ಅರ್ಧ ಗಂಟೆಗೆ ಬೆರಳು ಉರಿಯುತ್ತಿತ್ತು. ಆಂಪ್‌ಗೆ (ಆಂಪ್ಲಿಫೈಯರ್) ಹಾಕಿದರೆ ಒಂದೇ ಸಮ ಗುಂಯ್.

ಪಿಕಪ್ (ತಂತಿಯ ಅದುರನ್ನು ಹಿಡಿದು ಆಂಪ್‌ಗೆ ಕಳಿಸುವ ಅಯಸ್ಕಾಂತದ ಭಾಗ) ಬದಲಾಯಿಸಿ, ಎಲ್ಲ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. 4500 ಕೊಟ್ಟು ಬದಲಾಯಿಸಿದೆ. ಜರ್ರ್ ಹಾಗೇ ಇತ್ತು. ಬೆರಳು ಹಾಗೇ ಉರಿಯಿತು. ಗುಂಯ್ ಕೂಡ ಹೋಗಲಿಲ್ಲ.

ಆಮೇಲೆ ಗೊತ್ತಾಯಿತು, ಆ ಮೂರೂ ತೊಂದರೆಗೆ ಪಿಕಪ್ ಕಾರಣವೇ ಅಲ್ಲ. ಜರ್ರ್ ನೆಕ್‌ದು (ಎಡಗೈ ಹಿಡಿಯುವ ಉದ್ದನೆಯ ಮರ), ಎತ್ತರ ಬ್ರಿಡ್ಜ್‌ದು (ದೇಹದ ಮೇಲೆ ತಂತಿಗಳ ತುದಿ ಕೂರುವ ಲೋಹದ ಭಾಗ), ಗುಂಯ್ ಒಳಗಿನ ವೈರಿಂಗ್‌ದು. ಮೂರನ್ನೂ 3000 ರೂಪಾಯಿಯೊಳಗೆ ಮನೆಯಲ್ಲೇ ಸರಿ ಮಾಡಬಹುದು. ದುಡ್ಡು ಕಡಿಮೆ ಇದ್ದಾಗ ಯಾವುದು ಮೊದಲು, ಯಾವುದು ಕೊನೆಗೆ ಅನ್ನುವುದೇ ದೊಡ್ಡ ವಿಷಯ. ಅದಕ್ಕೇ ಇಲ್ಲಿ ಕೆಲಸಗಳನ್ನು ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ದಯವಿಟ್ಟು ಕ್ರಮ ತಪ್ಪಿಸಬೇಡಿ. ಒಂದು ಕೆಲಸ ಮುಗಿಯದೆ ಮುಂದಿನದರ ಅಳತೆ ಸರಿಯಾಗಿ ಬರುವುದಿಲ್ಲ.

ಸಾಮಾನು

ಅಲೆನ್ ಕೀ ಸೆಟ್ ಒಂದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ನಾನು 150 ಕೊಟ್ಟೆ. ಅದರಲ್ಲಿ 1.5 ಮಿಮೀಯ ಸಣ್ಣ ಕೀ ಇರಲೇಬೇಕು, ಬ್ರಿಡ್ಜ್‌ನ ಸ್ಕ್ರೂಗಳಿಗೆ ಸಾಮಾನ್ಯವಾಗಿ ಅದೇ ಬೇಕು. ಸ್ಟಾರ್ ಸ್ಕ್ರೂಡ್ರೈವರ್, ಮಕ್ಕಳ ಕಂಪಾಸ್ ಬಾಕ್ಸಿನ ಸ್ಟೀಲ್ ಸ್ಕೇಲು, ಹಳೆಯ ಎಟಿಎಂ ಕಾರ್ಡು, ಗಟ್ಟಿ ವಿಸಿಟಿಂಗ್ ಕಾರ್ಡು. ಬೈಕ್ ಗ್ಯಾರೇಜಿನವರ ಪರಿಚಯ ಇದ್ದರೆ ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳು) ಒಂದು ಗಂಟೆಗೆ ಕೇಳಿ ತನ್ನಿ. ಇಷ್ಟು ನಿಖರವಾದ ಅಳತೆ ಕಾರ್ಡಿನಿಂದ ಸಿಗುವುದಿಲ್ಲ.

ಟ್ಯೂನಿಂಗ್‌ಗೆ ಫೋನಿನ ಆ್ಯಪ್ ಸಾಕು, ಆದರೆ ಒಂದು ವಿಷಯ ಗಮನಿಸಿ. ಬೇಸ್‌ನ ಎಲ್ಲಕ್ಕಿಂತ ದಪ್ಪನೆಯ ಇ ತಂತಿ 41 ಹರ್ಟ್ಸ್‌ನಲ್ಲಿ ಮೊಳಗುತ್ತದೆ. ಅಷ್ಟು ಕೆಳಗಿನ ಸದ್ದು ಫೋನಿನ ಮೈಕ್‌ಗೆ ಸರಿಯಾಗಿ ಕೇಳುವುದಿಲ್ಲ, ಮುಳ್ಳು ಸುಮ್ನೆ ಓಡಾಡುತ್ತದೆ. 12ನೇ ಫ್ರೆಟ್‌ನ ಮೇಲೆ ಬೆರಳನ್ನು ಮುಟ್ಟಿಸಿದ ಹಾಗೆ ಇಟ್ಟು ಹಾರ್ಮೋನಿಕ್ ನುಡಿಸಿ. ಒಂದು ಸ್ಥಾಯಿ ಮೇಲಿನ ಸದ್ದು ಬರುತ್ತದೆ, ಮುಳ್ಳು ನಿಲ್ಲುತ್ತದೆ.

ಮೊದಲು ಒರೆಸಿ, ಬಿಗಿ ಮಾಡಿ

ಸೆಕೆಂಡ್ ಹ್ಯಾಂಡ್ ಬೇಸ್ ಆದರೆ ಒಂದು ಸಂಜೆ ಇದಕ್ಕೇ ಕೊಡಿ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ. ಕಪ್ಪು ಅಥವಾ ಕಂದು ಮರದ ಫ್ರೆಟ್‌ಬೋರ್ಡ್ ಒಣಗಿ ಬೂದಿಬಣ್ಣಕ್ಕೆ ತಿರುಗಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ನಾಲ್ಕು ಹನಿ ಸವರಿ, ಐದು ನಿಮಿಷ ಬಿಟ್ಟು ಒರೆಸಿಬಿಡಿ. ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಅದು ಬೇಡ. ಸ್ವಲ್ಪ ದಿನಕ್ಕೆ ಕಮಟು ವಾಸನೆ ಬರುತ್ತದೆ, ಅಂಟಾಗಿ ಕೊಳೆ ಹಿಡಿಯುತ್ತದೆ. ಬಿಳಿಚು ಬಣ್ಣದ, ಪಾಲಿಶ್ ಇರುವ ಬೋರ್ಡಿಗೆ ಯಾವ ಎಣ್ಣೆಯೂ ಬೇಕಿಲ್ಲ.

ಆಮೇಲೆ ಎಲ್ಲ ಸ್ಕ್ರೂಗಳನ್ನೂ ಮುಟ್ಟಿ ನೋಡಿ. ಟ್ಯೂನಿಂಗ್ ಕೀಗಳ ಹಿಂದಿನವು, ಬ್ರಿಡ್ಜ್‌ನವು, ನೆಕ್ ಹಿಡಿದಿರುವ ನಾಲ್ಕು ದಪ್ಪ ಸ್ಕ್ರೂಗಳು. ಸಡಿಲ ಇದ್ದವನ್ನು ಹದವಾಗಿ ಬಿಗಿ ಮಾಡಿ. ಬೆಲ್ಟ್ ಸಿಕ್ಕಿಸುವ ಗುಂಡಿ ಅಲ್ಲಾಡುತ್ತಿದ್ದರೆ ಅದನ್ನು ಬಿಚ್ಚಿ, ತೂತಿಗೆ ಎರಡು ಬೆಂಕಿಕಡ್ಡಿ ಫೆವಿಕಾಲ್ ಹಚ್ಚಿ ತುರುಕಿ, ಒಣಗಿದ ಮೇಲೆ ಸ್ಕ್ರೂ ಹಾಕಿ. ಸ್ಟೇಜ್ ಮೇಲೆ ಬೆಲ್ಟ್ ಕಳಚಿ ನಾಲ್ಕು ಕೆಜಿ ತೂಕದ ವಾದ್ಯ ಕೆಳಗೆ ಬಿದ್ದರೆ ಹೆಡ್‌ಸ್ಟಾಕ್ (ಟ್ಯೂನಿಂಗ್ ಕೀಗಳಿರುವ ತಲೆ) ಮುರಿಯಬಹುದು.

ನೆಕ್: ಇಲ್ಲಿ ಅವಸರ ಬೇಡ

ನಾಲ್ಕು ತಂತಿಗಳೂ ಸೇರಿ ನೆಕ್ಕನ್ನು ಸುಮಾರು 75 ಕೆಜಿಯಷ್ಟು ಎಳೆಯುತ್ತಿರುತ್ತವೆ. ಆ ಎಳೆತಕ್ಕೆ ನೆಕ್ ಬಿಲ್ಲಿನ ಹಾಗೆ ಮುಂದಕ್ಕೆ ಬಾಗದಿರಲಿ ಅಂತ ಒಳಗೆ ಉಕ್ಕಿನ ಸರಳೊಂದು ಇರುತ್ತದೆ. ಅದೇ ಟ್ರಸ್ ರಾಡ್. ನೆಕ್ ಪೂರ್ತಿ ನೆಟ್ಟಗೂ ಇರಬಾರದು, ಕೂದಲೆಳೆಯಷ್ಟು ಬಾಗು ಬೇಕು. ತಂತಿ ನಡುವೆ ಅಗಲವಾಗಿ ಅದುರುತ್ತದಲ್ವಾ, ಅದಕ್ಕೆ ಜಾಗ ಬೇಕು.

ಅಳೆಯುವುದು ಹೀಗೆ. ಮೊದಲು ಟ್ಯೂನ್ ಮಾಡಿ. ಬೇಸನ್ನು ನುಡಿಸುವ ಭಂಗಿಯಲ್ಲೇ ಹಿಡಿದುಕೊಳ್ಳಿ. ಟೇಬಲ್ ಮೇಲೆ ಮಲಗಿಸಿದರೆ ನೆಕ್ ಅದರದೇ ಭಾರಕ್ಕೆ ಬಾಗಿ ಅಳತೆ ತಪ್ಪುತ್ತದೆ. ಇ ತಂತಿಯನ್ನು ಎಡಗೈಯಿಂದ ಮೊದಲನೇ ಫ್ರೆಟ್‌ನಲ್ಲಿ, ಬಲಗೈಯಿಂದ ಕೊನೆಯ ಫ್ರೆಟ್‌ನಲ್ಲಿ ಒತ್ತಿ. ಈಗ ಆ ತಂತಿಯೇ ನಿಮಗೆ ನೇರ ಗೆರೆ. ಏಳನೇ ಫ್ರೆಟ್‌ನ ತಲೆಗೂ ತಂತಿಗೂ ನಡುವೆ ಎಷ್ಟು ಸಂದು ಇದೆ ಅಂತ ಇನ್ನೊಬ್ಬರ ಹತ್ತಿರ ನೋಡಿಸಿ. ಸುಮಾರು 0.3 ಮಿಮೀ ಇರಬೇಕು. ಗಟ್ಟಿ ವಿಸಿಟಿಂಗ್ ಕಾರ್ಡು ತಂತಿಯನ್ನು ಎತ್ತದೆ, ಸಡಿಲವೂ ಆಗದೆ, ಮುಟ್ಟಿಕೊಂಡೇ ಜಾರಿ ಹೋದರೆ ಸರಿ ಇದೆ ಅಂತ.

ನನ್ನ ಬೇಸ್‌ನಲ್ಲಿ ಕಾರ್ಡ್ ಒಳಗೇ ಹೋಗಲಿಲ್ಲ. ತಂಗಿ ಟಾರ್ಚ್ ಹಿಡಿದಿದ್ದಳು. ತಂತಿಯ ಕೆಳಗೆ ಬೆಳಕು ಒಂದು ಗೆರೆಯಷ್ಟೂ ಕಾಣಲಿಲ್ಲ, ತಂತಿ ಏಳನೇ ಫ್ರೆಟ್‌ನ ಮೇಲೆ ಕೂತೇ ಬಿಟ್ಟಿತ್ತು. ನೆಕ್ ಹಿಂದಕ್ಕೆ ಬಾಗಿತ್ತು. ಮೂರನೇ ಫ್ರೆಟ್‌ನ ಜರ್ರ್‌ಗೆ ಅದೇ ಕಾರಣ.

ಟ್ರಸ್ ರಾಡ್‌ನ ತುದಿ ಹೆಡ್‌ಸ್ಟಾಕ್‌ನ ಹತ್ತಿರವೋ, ನೆಕ್ ದೇಹಕ್ಕೆ ಸೇರುವ ಜಾಗದಲ್ಲೋ ಇರುತ್ತದೆ. ಬಹಳಷ್ಟು ಅಗ್ಗದ ಬೇಸ್‌ಗಳಿಗೆ 4 ಅಥವಾ 5 ಮಿಮೀ ಕೀ ಕೂರುತ್ತದೆ. ಕೀ ತುಂಬಾ ಬಿಗಿಯಾಗಿ ಕೂರಬೇಕು. ಚೂರು ಸಡಿಲ ಅನ್ನಿಸಿದರೂ ತಿರುಗಿಸಬೇಡಿ, ಒಳಗಿನ ಮೂಲೆಗಳು ಸವೆದರೆ ನೆಕ್ಕೇ ಹಾಳು. ಸಂದು ಜಾಸ್ತಿ ಇದ್ದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ, ಸಂದು ಇಲ್ಲದಿದ್ದರೆ ವಿರುದ್ಧ ದಿಕ್ಕಿಗೆ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಬಿಗಿ ಮಾಡುವಾಗ ತಂತಿಗಳನ್ನು ಸ್ವಲ್ಪ ಸಡಿಲಿಸಿ ಮಾಡಿ. ಮತ್ತೆ ಟ್ಯೂನ್ ಮಾಡಿ, ಒಂದು ರಾತ್ರಿ ಬಿಡಿ. ಮರ ನಿಧಾನಕ್ಕೆ ಸರಿಯುತ್ತದೆ. ಬೆಳಿಗ್ಗೆ ಮತ್ತೆ ಅಳೆಯಿರಿ. ನನಗೆ ಎರಡು ರಾತ್ರಿ ಬೇಕಾಯಿತು, ಒಟ್ಟು ಅರ್ಧ ಸುತ್ತು. ರಾಡ್ ತಿರುಗದೆ ಕಚ್ಚಿಕೊಂಡರೆ ಬಲ ಹಾಕಬೇಡಿ, ಅನುಭವ ಇರುವವರಿಗೆ ಕೊಡಿ. ಈ ಇಡೀ ಕೆಲಸದಲ್ಲಿ ವಾದ್ಯವನ್ನು ಪೂರ್ತಿ ಕೆಡಿಸಬಹುದಾದ ಹೆಜ್ಜೆ ಇದೊಂದೇ.

ನೆಕ್ ಸರಿ ಮಾಡಿದ ಮೇಲೂ ಒಂದೇ ಜಾಗದಲ್ಲಿ ಜರ್ರ್ ಬರುತ್ತಿದ್ದರೆ ಅಲ್ಲೊಂದು ಫ್ರೆಟ್ ಎದ್ದಿರಬಹುದು. ಎಟಿಎಂ ಕಾರ್ಡಿನ ಅಂಚನ್ನು ಮೂರು ಫ್ರೆಟ್‌ಗಳ ಮೇಲೆ ಬರುವ ಹಾಗೆ ಇಟ್ಟು ಆಡಿಸಿ. ತಕ್ಕಡಿಯ ಹಾಗೆ ಆಡಿದರೆ ನಡುವಿನದು ಎತ್ತರ. ಅದರ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ಕೂತುಬಿಡುತ್ತದೆ. ಕೂರದಿದ್ದರೆ ಅರ ಹಾಕಿ ಉಜ್ಜಲು ಹೋಗಬೇಡಿ, ಅದು ಕಲಿತ ಕೈಯ ಕೆಲಸ.

ತಂತಿ ಬದಲಾಯಿಸಿ

ನಿಜವಾಗಿ ದುಡ್ಡು ಹಾಕಬೇಕಾದದ್ದು ಇಲ್ಲಿ. ಅಗ್ಗದ ಬೇಸ್ ಜೊತೆ ಬರುವ ತಂತಿಗಳು ಮಂಕು. ನಮ್ಮ ಕಡೆ ಒಂದು ಮಳೆಗಾಲ ಕಳೆದರೆ ತುಕ್ಕೂ ಹಿಡಿದಿರುತ್ತವೆ. ನಿಕಲ್ ಸುತ್ತಿದ 45–100 ಅಥವಾ 45–105 ಅಳತೆಯ ಸೆಟ್ ತಗೊಳ್ಳಿ. ಈ ಅಂಕಿ ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ. ಡಿ'ಅಡಾರಿಯೋ, ಎರ್ನಿ ಬಾಲ್ ಯಾವುದಾದರೂ ಸರಿ. ನಾನು 1600 ಕೊಟ್ಟೆ, ನನ್ನ ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ. ಪ್ಯಾಕೆಟ್ ಮೇಲೆ ಲಾಂಗ್ ಸ್ಕೇಲ್ ಅಂತ ಇದೆಯಾ ನೋಡಿ. ಸಾಮಾನ್ಯ ಬೇಸ್‌ನ ಸ್ಕೇಲ್, ಅಂದರೆ ಅದುರುವ ತಂತಿಯ ಉದ್ದ, 34 ಇಂಚು.

ಹಾಕುವಾಗ ಒಂದೊಂದೇ ಬದಲಾಯಿಸಿ. ತಂತಿಯನ್ನು ಟ್ಯೂನಿಂಗ್ ಕೀಲಿಯ ಕಂಬದಿಂದ ಆಚೆಗೆ ಸುಮಾರು 10–12 ಸೆಂಟಿಮೀಟರ್ ಬಿಟ್ಟು, ಮೊದಲು ಬಗ್ಗಿಸಿ, ಬಗ್ಗಿದ ಜಾಗದ ಆಚೆ ಕತ್ತರಿಸಿ. ಬಗ್ಗಿಸದೆ ಕತ್ತರಿಸಿದರೆ ಒಳಗಿನ ತಂತಿಯ ಮೇಲಿನ ಸುತ್ತು ಬಿಚ್ಚಿಕೊಂಡು ಇಡೀ ತಂತಿ ಸತ್ತ ಸದ್ದು ಕೊಡುತ್ತದೆ. ತುದಿಯನ್ನು ಕಂಬದ ನಡುವಿನ ತೂತಿಗೆ ಇಳಿಸಿ, ಎರಡು ಮೂರು ಸುತ್ತು ಮೇಲಿಂದ ಕೆಳಕ್ಕೆ ಬರುವ ಹಾಗೆ ಸುತ್ತಿ.

ದುಡ್ಡಿಲ್ಲದಿದ್ದರೆ ಹಳೆಯ ತಂತಿಯನ್ನೇ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒಂದು ರಾತ್ರಿ ನೆನೆಸಿ ಒರೆಸಿ. ಬೆರಳಿನ ಜಿಡ್ಡು ಬಿಡುತ್ತದೆ, ಕೆಲವು ವಾರ ಹೊಳಪಿನ ಸದ್ದು ಬರುತ್ತದೆ. ತುಕ್ಕು ಹಿಡಿದದ್ದಕ್ಕೆ ಇದರಿಂದ ಪ್ರಯೋಜನ ಇಲ್ಲ.

ಹೊಳಪೇ ಬೇಡ, ದುಂಡಗಿನ ದಂ ಸದ್ದು ಸಾಕು ಅನ್ನುವವರಿಗೆ ಹತ್ತು ರೂಪಾಯಿಯ ದಾರಿ ಒಂದಿದೆ. ಬ್ರಿಡ್ಜ್‌ಗೆ ತಾಗಿ, ತಂತಿಗಳ ಕೆಳಗೆ ಒಂದು ಪಟ್ಟಿ ಸ್ಪಂಜು ತುರುಕಿ. ಇದು ಕಳ್ಳದಾರಿಯಲ್ಲ. ಫೆಂಡರ್ ಕಂಪನಿ 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ನ ಹಳೆಯ ಮಾದರಿಗಳಲ್ಲಿ ಬ್ರಿಡ್ಜ್‌ನ ಮುಚ್ಚಳದೊಳಗೆ ಇಂಥದೇ ಸ್ಪಂಜು ಕೂರಿಸಿಯೇ ಕೊಡುತ್ತಿದ್ದರು. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹೆಸರಾಂತ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸಿದ್ದು ಅಂಥ ಬೇಸ್‌ನಲ್ಲೇ. ಅವರು ನುಣುಪು ತಂತಿ ಹಾಕಿ, ಅದನ್ನು ಬದಲಾಯಿಸದೆ ವರ್ಷಗಟ್ಟಲೆ ನುಡಿಸಿದರು. ಆರ್ಕೆಸ್ಟ್ರಾದಲ್ಲಿ ತಬಲಾ, ಢೋಲಕ್ ಜೊತೆ ನುಡಿಸುವಾಗ ಆ ಗಿಡ್ಡ, ದುಂಡು ಸದ್ದು ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ನೀವೇ ಕೇಳಿ ನೋಡಿ.

ತಂತಿಯ ಎತ್ತರ, ಶ್ರುತಿ

ಹೊಸ ತಂತಿ ಹಾಕಿ ಒಂದು ದಿನ ಬಿಟ್ಟು ನೆಕ್ ಮತ್ತೊಮ್ಮೆ ಅಳೆಯಿರಿ. ಆಮೇಲೆ ಸ್ಟೀಲ್ ಸ್ಕೇಲನ್ನು 12ನೇ ಫ್ರೆಟ್‌ನ ಮೇಲೆ ನಿಲ್ಲಿಸಿ. ಫ್ರೆಟ್‌ನ ತಲೆಯಿಂದ ತಂತಿಯ ಕೆಳಗಿನವರೆಗೆ ಇ ತಂತಿಗೆ ಸುಮಾರು 2.5 ಮಿಮೀ, ಎಲ್ಲಕ್ಕಿಂತ ತೆಳ್ಳಗಿನ ಜಿ ತಂತಿಗೆ 2 ಮಿಮೀ ಇರಲಿ. ನಡುವಿನ ಎರಡು ಇವುಗಳ ಮಧ್ಯೆ. ಸ್ಕೇಲಿನ ತುದಿಯಲ್ಲಿ ಖಾಲಿ ಜಾಗ ಇರುತ್ತದಲ್ವಾ, ಅದನ್ನು ಲೆಕ್ಕದಿಂದ ಕಳೆಯಿರಿ. ಬ್ರಿಡ್ಜ್‌ನ ಸ್ಯಾಡಲ್ (ಒಂದೊಂದು ತಂತಿ ಒರಗುವ ಸಣ್ಣ ತುಂಡು) ಪಕ್ಕದ ಎರಡು ಸಣ್ಣ ಸ್ಕ್ರೂಗಳನ್ನು ಒಂದೇ ಸಮ ತಿರುಗಿಸಿ ಏರಿಸಿ, ಇಳಿಸಿ. ನನ್ನದು 4 ಮಿಮೀ ಇತ್ತು. 2.5ಕ್ಕೆ ಇಳಿಸಿದ ದಿನ ಬೆರಳಿನ ಉರಿ ನಿಂತಿತು. ಆ ಸಂಜೆ ಮೂರು ಗಂಟೆ ನುಡಿಸಿದೆ.

ಸ್ಯಾಡಲ್ ಪೂರ್ತಿ ಕೆಳಗಿಳಿದರೂ ತಂತಿ ಎತ್ತರವೇ ಇದ್ದರೆ ತಂತಿ ಸಡಿಲಿಸಿ ನೆಕ್ ಬಿಚ್ಚಿ. ನೆಕ್ ಕೂರುವ ಗುಳಿಯಲ್ಲಿ ಬ್ರಿಡ್ಜ್ ಕಡೆಯ ತುದಿಗೆ ವಿಸಿಟಿಂಗ್ ಕಾರ್ಡಿನ ಸಣ್ಣ ಪಟ್ಟಿ ಒಂದೋ ಎರಡೋ ಇಟ್ಟು ಮತ್ತೆ ಬಿಗಿ ಮಾಡಿ. ನೆಕ್ ಚೂರು ಹಿಂದಕ್ಕೆ ವಾಲುತ್ತದೆ, ತಂತಿ ಕೆಳಗಿಳಿಯುತ್ತದೆ.

ಈಗ ಶ್ರುತಿ. 12ನೇ ಫ್ರೆಟ್‌ನ ಹಾರ್ಮೋನಿಕ್ ಟ್ಯೂನ್ ಮಾಡಿ. ಅದೇ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ಲನ್ನು ನೆಕ್‌ನಿಂದ ದೂರಕ್ಕೆ ಎಳೆಯಿರಿ, ಇಳಿದಿದ್ದರೆ ನೆಕ್ ಕಡೆಗೆ ತನ್ನಿ. ಪ್ರತಿ ಸಲ ಮತ್ತೆ ಟ್ಯೂನ್ ಮಾಡಿ ನೋಡಬೇಕು. ಹಳೆಯ ತಂತಿಯಲ್ಲಿ ಇದನ್ನು ಮಾಡಿ ಪ್ರಯೋಜನ ಇಲ್ಲ, ಅದಕ್ಕೇ ತಂತಿ ಮೊದಲು ಅಂದಿದ್ದು.

ನಟ್

ನೆಕ್‌ನ ತಲೆಯಲ್ಲಿ ತಂತಿ ಕೂರುವ ಬಿಳಿ ಪಟ್ಟಿ ಇದು. ಅಗ್ಗದ ಬೇಸ್‌ಗಳಲ್ಲಿ ಅದರ ತೋಡುಗಳನ್ನು ಆಳವಾಗಿ ಕೊರೆದಿರುವುದಿಲ್ಲ. ಮೊದಲ ಫ್ರೆಟ್ ಒತ್ತಲು ಕಷ್ಟವಾಗುತ್ತದೆ, ಒತ್ತಿದರೆ ಸ್ವರವೂ ಏರುತ್ತದೆ. ತಂತಿಯನ್ನು ಎರಡು ಮತ್ತು ಮೂರನೇ ಫ್ರೆಟ್‌ಗಳ ನಡುವೆ ಒತ್ತಿ, ಮೊದಲನೇ ಫ್ರೆಟ್‌ನ ಮೇಲೆ ಎಷ್ಟು ಸಂದು ಇದೆ ನೋಡಿ. ಎರಡು ಹಾಳೆ ಕಾಗದದಷ್ಟು ಇದ್ದರೆ ಸಾಕು.

ಜಾಸ್ತಿ ಇದ್ದರೆ ಹಳೆಯ ತಂತಿಯ ತುಂಡಿಗೆ ನುಣುಪು ಮರಳು ಕಾಗದ ಸುತ್ತಿ, ತೋಡಿನೊಳಗೆ ಹೆಡ್‌ಸ್ಟಾಕ್ ಕಡೆಗೆ ಇಳಿಜಾರಾಗಿ ಉಜ್ಜಿ. ನಾಲ್ಕು ಸಲ ಉಜ್ಜಿ, ತಂತಿ ಕೂರಿಸಿ ನೋಡಿ. ಮತ್ತೆ ನಾಲ್ಕು ಸಲ. ನನ್ನದನ್ನು ಸಾಗರದಲ್ಲಿ ಗುಡಿಗಾರರ ಮನೆಯ ಗೆಳೆಯನೊಬ್ಬ ಮಾಡಿಕೊಟ್ಟ. ಗಂಧದ ಮರದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಹೂವಿನ ಎಸಳು ಕೆತ್ತುವ ಕೈ ಅದು. ಸಣ್ಣ ಅರವನ್ನು ಎರಡೇ ಬೆರಳಿನಲ್ಲಿ ಹಿಡಿದು, ಎರಡು ಸಲ ಎಳೆದು, ಉಗುರಿನಿಂದ ತೋಡಿನ ತಳ ಮುಟ್ಟಿ ನೋಡುತ್ತಿದ್ದ. ಕಣ್ಣಿಗಿಂತ ಉಗುರಿಗೆ ಬೇಗ ಗೊತ್ತಾಗುತ್ತದೆ ಅಂದ. ನಾಲ್ಕು ತೋಡಿಗೆ ಒಂದು ಗಂಟೆ ಹಿಡಿಯಿತು.

ತೋಡು ಜಾಸ್ತಿ ಆಳವಾಗಿ ಹೋದರೆ ಗಾಬರಿ ಬೇಡ. ಚಿಟಿಕೆ ಅಡುಗೆ ಸೋಡಾ ತುಂಬಿ, ಮೇಲೆ ಒಂದು ಹನಿ ಫೆವಿಕ್ವಿಕ್ ಬಿಡಿ. ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಮತ್ತೆ ಕೊರೆಯಬಹುದು. ಕೊನೆಗೆ ತೋಡಿಗೆ ಪೆನ್ಸಿಲ್ ಸೀಸ ಹಚ್ಚಿ, ತಂತಿ ಸಲೀಸಾಗಿ ಜಾರುತ್ತದೆ.

ಗುಂಯ್ ಸದ್ದು

ಮೊದಲು ಕಾರಣ ಹುಡುಕಿ. ಆಂಪ್ ಆನ್ ಇರುವಾಗ ತಂತಿ ಮುಟ್ಟಿ. ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಅರ್ತಿಂಗ್ ವೈರ್ ಸರಿ ಇದೆ, ಒಳಗೆ ಶೀಲ್ಡಿಂಗ್ (ಹೊರಗಿನ ಕರೆಂಟಿನ ಗದ್ದಲ ತಡೆಯುವ ಲೋಹದ ಹೊದಿಕೆ) ಸಾಲದು. ಏನೂ ಬದಲಾಗದಿದ್ದರೆ ಬ್ರಿಡ್ಜ್‌ನಿಂದ ಒಳಗೆ ಹೋಗುವ ವೈರ್ ಕಿತ್ತಿರಬಹುದು. ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ರಿಡ್ಜ್‌ಗೆ, ಇನ್ನೊಂದು ಕೇಬಲ್ ಸಿಕ್ಕಿಸುವ ಜಾಕ್‌ನ ಹೊರಗಿನ ಲೋಹಕ್ಕೆ ಇಟ್ಟು ನೋಡಿ, ಬೀಪ್ ಬರಬೇಕು.

ಮನೆಯ ಪ್ಲಗ್‌ಗೂ ಗಮನ ಕೊಡಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಎಷ್ಟೋ ಪಾಯಿಂಟ್‌ಗಳಿಗೆ ಅರ್ತಿಂಗ್ ಇರುವುದಿಲ್ಲ. ಅಲ್ಲಿ ಯಾವ ಗಿಟಾರೂ ಗುಂಯ್ ಅನ್ನುತ್ತದೆ. ಇದು ಬರೀ ಸದ್ದಿನ ವಿಷಯ ಅಲ್ಲ. ಗಣಪತಿ ಪೆಂಡಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು, ಒಂದು ಕೈ ತಂತಿಯ ಮೇಲಿದ್ದಾಗ ತುಟಿ ಮೈಕ್‌ಗೆ ತಾಗಿದರೆ ಶಾಕ್ ಜೀವಕ್ಕೇ ಬರಬಹುದು. ಆಂಪ್‌ನ ಮೂರನೇ ಪಿನ್ನನ್ನು ಯಾವತ್ತೂ ಕಿತ್ತು ಹಾಕಬೇಡಿ. ಸೌಂಡ್ ಸಿಸ್ಟಮ್‌ನವರಿಗೆ ಅರ್ತ್ ಇದೆಯಾ ಅಂತ ಕೇಳಲು ಸಂಕೋಚ ಬೇಡ.

ನಾಬ್ ತಿರುಗಿಸಿದರೆ ಕರಕರ ಅಂದರೆ ಒಳಗಿನ ಪಾಟ್‌ಗೆ (ನಾಬ್ ತಿರುಗಿಸಿದಾಗ ಸದ್ದು ಏರಿಸಿ ಇಳಿಸುವ ಬಿಡಿಭಾಗ) ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಮಳೆಗಾಲದ ಕರಕರ ಮುಕ್ಕಾಲು ಪಾಲು ಇದರಲ್ಲೇ ಹೋಗುತ್ತದೆ. ಹೋಗದಿದ್ದರೆ ಪಾಟ್ ಬದಲಾಯಿಸಿ. ಸಾಮಾನ್ಯ ಸಿಂಗಲ್ ಕಾಯಿಲ್ ಪಿಕಪ್‌ಗೆ 250ಕೆ ಲಾಗ್ ಪಾಟ್, ಟೋನ್‌ಗೆ 473 ಅಂತ ಬರೆದಿರುವ ಕೆಪ್ಯಾಸಿಟರ್. ಜಾಕ್ ಸಹಿತ ನನಗೆ 350 ಆಯಿತು. ಬಿಚ್ಚುವ ಮೊದಲು ಫೋಟೊ ತೆಗೆದಿಡಿ. ಬೆಸುಗೆ ಹಾಕಲು ಬರದಿದ್ದರೆ ರೇಡಿಯೊ, ಟಿವಿ ರಿಪೇರಿಯವರ ಹತ್ತಿರ ಹೋಗಿ ಆ ಫೋಟೊ ತೋರಿಸಿ, ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಶೀಲ್ಡಿಂಗ್‌ಗೆ ತಾಮ್ರದ ಅಂಟುಪಟ್ಟಿ ಬೇಕು, 300 ರೂಪಾಯಿಯದು ಸಾಕಾಯಿತು. ಪಾಟ್ ಕೂರುವ ಗುಳಿ, ಪಿಕಪ್ ಕೂರುವ ಗುಳಿ, ಮುಚ್ಚಳದ ಒಳಮೈ, ಎಲ್ಲಕ್ಕೂ ಅಂಟಿಸಿ. ಕೆಲವು ಪಟ್ಟಿಗಳ ಅಂಟಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ತುಂಡು ತುಂಡು ಸೇರುವ ಕಡೆ ಒಂದೊಂದು ಚುಕ್ಕೆ ಬೆಸುಗೆ ಹಾಕಿ, ಒಂದು ಗುಳಿಯಿಂದ ಇನ್ನೊಂದಕ್ಕೆ ವೈರ್ ಕೊಟ್ಟು, ಕೊನೆಗೆ ಪಾಟ್‌ನ ಬೆನ್ನಿಗೆ ಸೇರಿಸಿ. ಜಾಕ್‌ನ ಒಳತುದಿ ತಾಮ್ರಕ್ಕೆ ತಾಗದಿರಲಿ, ತಾಗಿದರೆ ಸದ್ದೇ ಬರುವುದಿಲ್ಲ. ಅಲ್ಲಿ ಇನ್ಸುಲೇಷನ್ ಟೇಪ್ ಸುತ್ತಿ.

ಪಿಕಪ್‌ನ ಎತ್ತರ ಕೊನೆಗೆ. ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿದಾಗ ಪಿಕಪ್‌ಗೂ ಇ ತಂತಿಗೂ ನಡುವೆ ಸುಮಾರು 3 ಮಿಮೀ, ಜಿ ತಂತಿಗೆ 2.5 ಇರಲಿ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ತೇಲಾಡುತ್ತದೆ. ಇಷ್ಟು ಮಾಡಿದ ಮೇಲೆ ಕುತೂಹಲಕ್ಕೆ ಹಳೆಯ ಪಿಕಪ್ಪನ್ನೇ ವಾಪಸ್ ಹಾಕಿ ನುಡಿಸಿದೆ. ಆರ್ಕೆಸ್ಟ್ರಾಗೆ ಅದೇ ಧಾರಾಳವಾಗಿ ಸಾಕಿತ್ತು. ಭಾರದ ಬ್ರಿಡ್ಜ್, ಹೊಸ ಕೀಲಿಗಳು, ಹೊಸ ಪಿಕಪ್, ಇವೆಲ್ಲ ಒಂದು ವರ್ಷ ನುಡಿಸಿದ ಮೇಲಿನ ಮಾತು.

ಮಳೆಗಾಲ

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಮೀ ದಾಟುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ, ಆದರೆ ಆರಿದ್ರಾ ಮಳೆ ಹಿಡಿದರೆ ತೇವ ಎಲ್ಲ ಕಡೆಯೂ ಒಂದೇ. ಮರ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಕುಗ್ಗಿದಾಗ ಫ್ರೆಟ್‌ಗಳ ತುದಿ ನೆಕ್‌ನ ಅಂಚಿನಲ್ಲಿ ಕೈಗೆ ಚುಚ್ಚುವುದೂ ಉಂಟು. ನೆಕ್ ಯಾವ ಕಡೆಗೆ ಬಾಗುತ್ತದೆ ಎನ್ನುವುದು ಒಂದೊಂದು ವಾದ್ಯಕ್ಕೆ ಒಂದೊಂದು ರೀತಿ. ಅದಕ್ಕೇ ಅಳತೆಗಳನ್ನು ದಿನಾಂಕ ಸಮೇತ ಒಂದು ಚೀಟಿಯಲ್ಲಿ ಬರೆದು ಬ್ಯಾಗಿನಲ್ಲಿಡಿ. ಎರಡು ವರ್ಷದಲ್ಲಿ ನಿಮ್ಮ ಬೇಸ್‌ನ ಸ್ವಭಾವ ನಿಮಗೇ ಗೊತ್ತಾಗುತ್ತದೆ.

ಹೊರಗೋಡೆಗೆ ಒರಗಿಸಿ ಇಡಬೇಡಿ. ಬಚ್ಚಲ ಒಲೆಯ ಪಕ್ಕ ಬೆಚ್ಚಗಿರುತ್ತದೆ ಅಂತ ಇಡುವವರಿದ್ದಾರೆ, ಅಲ್ಲಿ ಹಬೆ ಮತ್ತು ಹೊಗೆ ಎರಡೂ ಇವೆ. ಒಳಕೋಣೆಯಲ್ಲಿ, ಬ್ಯಾಗಿನೊಳಗೆ, ನಾಲ್ಕು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಣ್ಣ ಬದಲಾಗುವ ಕಾಳು ತಗೊಂಡರೆ ಒಳ್ಳೆಯದು. ತೇವ ತುಂಬಿದ್ದು ಕಣ್ಣಿಗೇ ಕಾಣುತ್ತದೆ, ಸಣ್ಣ ಉರಿಯಲ್ಲಿ ಹಳೆಯ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ನುಡಿಸಿದ ಮೇಲೆ ತಂತಿಗಳನ್ನು ಕೆಳಗಿನಿಂದಲೂ ಒಣಬಟ್ಟೆಯಲ್ಲಿ ಒರೆಸಿ. ಬ್ಯಾಟರಿ ಇರುವ ಆ್ಯಕ್ಟಿವ್ ಬೇಸ್ ಆದರೆ ಕೇಬಲ್ ಕಿತ್ತಿಡಿ, ಸಿಕ್ಕಿಸಿಯೇ ಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತದೆ.

ನಾನು ವರ್ಷಕ್ಕೆ ಎರಡು ಸಲ ಪೂರ್ತಿ ಅಳೆಯುತ್ತೇನೆ. ಒಂದು ಶಿವರಾತ್ರಿ ಹೊತ್ತಿಗೆ, ಇನ್ನೊಂದು ಮಳೆ ಇಳಿದು ಬರುವ ಆಯುಧಪೂಜೆಗೆ. ಹಿಂದಿನ ದಿನ ತಂತಿ ಸಡಿಲಿಸಿ ಒರೆಸಿ, ನೆಕ್ ನೋಡಿ, ಕೀಲಿಗಳ ಹಲ್ಲಿಗೆ ಹೊಲಿಗೆ ಮಷೀನಿನ ಎಣ್ಣೆ ಒಂದೊಂದು ಹನಿ ಬಿಟ್ಟು, ಟ್ಯೂನ್ ಮಾಡಿ ಪೂಜೆಗೆ ಇಡುತ್ತೇನೆ. ಅಮ್ಮ ಅರಿಶಿನ ಕುಂಕುಮವನ್ನು ಹೆಡ್‌ಸ್ಟಾಕ್‌ಗೆ ಮಾತ್ರ ಹಚ್ಚುತ್ತಾರೆ, ತಂತಿಗೂ ಪಿಕಪ್‌ಗೂ ಪುಡಿ ಬೀಳದ ಹಾಗೆ.